ಹೆಸರು ಹೊತ್ತ ಜೀಪು

ಪರೋಪಕಾರಕ್ಕೆಂದು ನಮ್ಮವರು ನಾಲ್ಕು ಜನ ಸೇರಿ, ನಗೆಪಾಟಲಾಗದೆ ಮನೆಗೆ ಮರಳಿದ್ದನ್ನು ನಾನಂತೂ ಕಂಡಿಲ್ಲ. ಎಪ್ಪತ್ತರ ದಶಕದ ಮಾತು. ಕುರ್ಲಾದ ಚಾಳಿನ ಮೇಲ್ಮಹಡಿಯಲ್ಲಿ ಹೊಟೇಲ್ ಕೆಲಸದವರಿಗಾಗಿ ನಮ್ಮ ಸಂಘ ನಡೆಸುತ್ತಿದ್ದ ಕನ್ನಡ ರಾತ್ರಿ ಶಾಲೆಗೆ ನಾನು ಮಾಸ್ತರ. ಮಾಡಿನ ತಗಡು ಗಾಳಿಗೆ ಹಾರಿಹೋಗಿತ್ತು. ಮಳೆಗಾಲದೊಳಗೆ ಹೊದಿಸದಿದ್ದರೆ ಶಾಲೆ ಮುಚ್ಚಬೇಕು. ಅಷ್ಟರಲ್ಲಿ ಗೋವಾಕ್ಕೆ ಹಳೆ ಗಾಡಿಗಳ ರ‍್ಯಾಲಿ ಹೊರಡುವ ಸುದ್ದಿ ಬಂತು. ದಾರಿಯಲ್ಲಿ ಕೂಡಿದ ದೇಣಿಗೆ ಆಯಾ ಗಾಡಿಯವರ ಧರ್ಮಕಾರ್ಯಕ್ಕೆ. ಸಂಘದವರು ಮಿಲಿಟರಿ ಹರಾಜಿನಿಂದ ಒಂದು ಮುದಿ ಜೀಪು ತಂದರು. ಲೈಸೆನ್ಸ್ ಇದ್ದವನು ನಾನೊಬ್ಬನೇ, ಸಿಕ್ಕಿಬಿದ್ದೆ.

೧. ಗಾಜು

ಏನು ದಾನ ಕೊಟ್ಟರೂ ಅದರ ಮೇಲೆ ಹೆಸರು ಬರೆಸುವುದು ನಮ್ಮವರ ಪದ್ಧತಿ. ಶಾಲೆಯ ಫ್ಯಾನಿನ ರೆಕ್ಕೆಗಳ ಮೇಲೂ ಬರೆಸಿದ್ದರು. ತಿರುಗಿದರೆ ಓದಲು ಬರುವುದಿಲ್ಲವೆಂದು, ದಾನಿ ಬಂದಾಗಲೆಲ್ಲ ಅದನ್ನು ನಿಲ್ಲಿಸಿ ಬೆವರುತ್ತ ಕೂರುತ್ತಿದ್ದೆವು. ಜೀಪಿಗೆ ಮುಂದಿನ ಗಾಜು ಕೊಟ್ಟವರು ವಿಜಾಪುರದ ಕಡೆಯ ಬೆಲ್ಲದ ವ್ಯಾಪಾರಿ. ಗಾಜಿನ ತುಂಬ ತಮ್ಮ ಹೆಸರು, ತಂದೆಯ ಹೆಸರು, ಊರು, ತಾಲೂಕು ಬರೆಸಿದರು. ನನಗೆ ರಸ್ತೆ ಹೇಗೆ ಕಾಣಬೇಕೆಂದು ಕೇಳಿದೆ.

“ತಾಲೂಕಿನ ಕೆಳಗ ಜಾಗಾ ಬಿಟ್ಟೀವಲ್ರಿ ಮಾಸ್ತರ, ಬಗ್ಗಿ ನೋಡ್ರಿ” ಅಂದರು.

೨. ಬ್ರೇಕು

ಮಲಾಡಿನ ಮೆಕ್ಯಾನಿಕ್, ಬ್ರೇಕು ಸತ್ತಿದೆ, ಮೊದಲು ಅದನ್ನು ಹಾಕಿಸಿ ಎಂದ. ಹಾರ್ನಿಗೆ, ಸೀಟಿಗೆ, ಬಂಪರಿಗೆ ದಾನಿಗಳು ಮುಗಿಬಿದ್ದಿದ್ದರು. ಜೀಪಿನ ಮೇಲ್ಹೊದಿಕೆಯ ಕ್ಯಾನ್ವಾಸು ಸಂಘದ ಅಧ್ಯಕ್ಷರದೇ, ಅದರ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಅವರ ಹೆಸರು. ಬ್ರೇಕಿಗೆ ಮಾತ್ರ ಯಾರೂ ಇಲ್ಲ. ಒಳಗೆ ಅಡಗಿರುವ ಸಾಮಾನು, ಹೆಸರು ಎಲ್ಲಿ ಬರೆಸುವುದು? ಪೆಡಲಿನ ಮೇಲೆ ಬರೆಸೋಣವೆಂದೆ. ಬೆಲ್ಲದವರು ಕೆಂಡವಾದರು. ತಮ್ಮ ಅಪ್ಪನ ಹೆಸರನ್ನು ನಾನು ಬೂಟುಗಾಲಿನಿಂದ ತುಳಿಯುವುದೇ? ಪ್ರಾಣ ನನ್ನದು ಹೋಗುತ್ತದೆ ಎಂದು ನಾನೂ ರೇಗಿದೆ.

ಅಧ್ಯಕ್ಷರು ತೀರ್ಪು ಕೊಟ್ಟರು: “ಮೊದಲ ಹೊರಡೂದು ನೋಡ್ರಿ. ನಿಲ್ಲೂದು ಆಮ್ಯಾಲೆ ನೋಡೂಣು.”

೩. ಚಾಲನೆ

ಬೆಲ್ಲದ ಲಾರಿಗೆ ಕಟ್ಟಿ ಜೀಪನ್ನು ರ‍್ಯಾಲಿ ಹೊರಡುವ ಮೈದಾನಕ್ಕೆ ಎಳೆದು ತಂದರು. ರ‍್ಯಾಲಿಯ ತಪಾಸಣೆಗಾರ, ನಾಲ್ಕು ಮಾರು ಓಡಿಸಿ ನಿಲ್ಲಿಸಿ ತೋರಿಸಿ ಎಂದ. ಎದುರಿನ ವೇದಿಕೆಯಲ್ಲಿ ನಮ್ಮ ಅಧ್ಯಕ್ಷರು ಮೈಕು ಹಿಡಿದು, ಈ ಗಾಡಿಯನ್ನು ತಡೆಯುವ ಗಂಡು ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದರು. ನಾನು ತಾಲೂಕಿನ ಕೆಳಗೆ ಬಗ್ಗಿ ನೋಡುತ್ತ ಬ್ರೇಕು ತುಳಿದೆ. ಜೀಪು ರಿಬ್ಬನ್ ಹರಿದು, ಹಾರದ ಬುಟ್ಟಿ ಮೆಟ್ಟಿ, ನಿಧಾನವಾಗಿ ಹೋಗಿ ವೇದಿಕೆಗೆ ಒರಗಿತು. ನಮ್ಮ ಅಧ್ಯಕ್ಷರ ಭಾಷಣ ಅರ್ಧಕ್ಕೆ ನಿಂತಿದ್ದು ಅದೊಂದೇ ಸಲ.

೪. ಮಾಡು

ರ‍್ಯಾಲಿಯವರು ನಮ್ಮನ್ನು ಅಲ್ಲಿಂದಲೇ ವಾಪಸು ಕಳಿಸಿದರು. ಹಿಂದೆಯೇ ಮಳೆ ಬಂತು. ಶಾಲೆ ಇನ್ನು ಮುಚ್ಚಿದಂತೆಯೇ ಎಂದು ನನಗೆ ಅಳುವೇ ಬಂದಿತ್ತು. ಕೊನೆಗೆ ನನ್ನ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಹಿರಿಯನಾದ ಹೊಟೇಲ್ ಅಡಿಗೆಯವನೂ ನಾನೂ ಜೀಪಿನ ಕ್ಯಾನ್ವಾಸು ಬಿಚ್ಚಿ ಮಾಡಿಗೆ ಕಟ್ಟಿದೆವು. ಅದೂ ಸೋರಿತು. ಅಧ್ಯಕ್ಷರು ನೋಡಲು ಬಂದರು. ಲೋಕಲ್ ಟ್ರೇನಿನಿಂದ ತಮ್ಮ ಹೆಸರು ಚೆನ್ನಾಗಿ ಕಾಣುತ್ತದೆಂದು ಹಿಗ್ಗಿದರು. ತೊಯ್ದು ಕೂತ ವಿದ್ಯಾರ್ಥಿಗಳು ಅವರ ಕಣ್ಣಿಗೆ ಬೀಳಲಿಲ್ಲ. ತಗಡಿನ ಮಾತೆತ್ತಿದರೆ, ಮುಂದಿನ ವರ್ಷ ನೋಡೋಣವೆಂದರು.

ಆಗ ಅಡಿಗೆಯವನು ಕೈಮುಗಿದು ಹೇಳಿದ: “ನಾವು ತೊಯ್ದ್ರ ಒಣಗತೀವ್ರಿ ಸಾಹೇಬ್ರ. ನಿಮ್ಮ ಹೆಸರಿನ ಬಣ್ಣ ಬಿಡಾಕತ್ತೈತಿ.”

ಆ ವಾರವೇ ಕ್ಯಾನ್ವಾಸಿನ ಮೇಲೆ ಹೊಸ ತಗಡು ಬಂತು.