ಕೂಲರಿನ ಬಾಣಂತಿ

2006ರ ಮೇ ತಿಂಗಳ ಒಂದು ಭಾನುವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಎರಡನೇ ಮಹಡಿಯ ಬಾಲ್ಕನಿಯಲ್ಲಿ, ತುಳಸಿ ಕುಂಡಕ್ಕೆ ಎರಡಡಿ ಎಡಕ್ಕೆ, ನಾನು ಸ್ಟೂಲಿನ ಮೇಲೆ ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಮುಂದಿನದನ್ನು ಆಫೀಸಿನಲ್ಲಿ ಯಾರೂ ನಂಬಲಿಲ್ಲ.

ಚಳಿಗಾಲವೆಲ್ಲ ಮುಚ್ಚಿಟ್ಟಿದ್ದ ಕೂಲರನ್ನು ಆ ವಾರ ತೆರೆದಾಗ, ಅದರ ಬದಿಯ ಹುಲ್ಲಿನ ಪದರದ ಹಿಂದೆ ಒಂದು ಅಳಿಲು, ಕಣ್ಣು ಬಿಡದ ಮೂರು ಮರಿಗಳು. ಹಾಸಿಗೆ ನನ್ನ ಮಂಕಿ ಟೋಪಿಯ ಉಣ್ಣೆಯದು. ಪರದೇಶದಲ್ಲಿ ಕೆಂಪು ಅಳಿಲುಗಳನ್ನು ತಲೆ ಎಣಿಸಿ ಕಾಯುವವರಿದ್ದಾರೆಂದು ಪೇಪರಿನಲ್ಲಿ ಓದಿದ್ದೆ. ನಾನೂ ನೋಟ್‌ಬುಕ್ ಹಿಡಿದೆ. ‘6.00: ತಾಯಿ ಹೊರಗೆ. 6.12: ಒಳಗೆ. ನನ್ನನ್ನು ಕಂಡು ಬೈದಿತು.’ ನಮ್ಮದು ಕೆಂಪು ಅಳಿಲಲ್ಲ, ಈ ಕಡೆಯ ಐದು ಗೆರೆಯದು. ನಮ್ಮೂರಿನದಕ್ಕೆ ಮೂರೇ. ಅಲ್ಲಿ ಮೂರು ಬೆರಳಲ್ಲಿ ಸವರಿದ ರಾಮ ಇಲ್ಲಿ ಇಡೀ ಕೈ ಎಳೆದಿರಬೇಕು. ರಾಜಧಾನಿಯಲ್ಲಿ ಎಲ್ಲವೂ ಸ್ವಲ್ಪ ಜಾಸ್ತಿ.

ಹೆಂಡತಿ ಶಾರದೆಗೆ ಗೆರೆಗಳ ಚಿಂತೆಯಿರಲಿಲ್ಲ. “ಈ ಸೆಕೆಗೆ ಚಪಾತಿ ತವಾ ಇಲ್ಲದೇನೇ ಬೇಯುತ್ತೆ ಕಣ್ರೀ. ಭಾನುವಾರ ಕೂಲರ್ ಹಾಕೋದೇ.”

“ಬಾಣಂತಿಗೆ ಗಾಳಿ ತಾಗಬಾರದು. ಮಗಳು ಹುಟ್ಟಿದಾಗ ನಿಮ್ಮಮ್ಮ ನನಗೂ ಫ್ಯಾನ್ ಹಾಕೋಕೆ ಬಿಡಲಿಲ್ಲ.”

“ನಮ್ಮಮ್ಮ ಬಾಣಂತೀನ ಕೂಲರಲ್ಲಿ ಮಲಗಿಸಿರಲಿಲ್ಲ.”

ಭಾನುವಾರ ಅವಳು ಪಕ್ಕದ ಮನೆಯ ನಿವೃತ್ತ ಸುಬೇದಾರ್ ಬೆಳ್ಳಿಯಪ್ಪನವರನ್ನು ಕರೆತಂದಳು. ಕೊಡಗಿನವರು. ಕೈಯಲ್ಲಿ ಇಕ್ಕಳ. ಗೂಡನ್ನು ತಟ್ಟೆಗಿಳಿಸಿ ಕೆಳಗಿನ ಬೇವಿನ ಮರಕ್ಕೆ ಸಾಗಿಸುವ ಯೋಜನೆ ಅವರದು. “ಮನುಷ್ಯರ ವಾಸನೆ ಹತ್ತಿದರೆ ತಾಯಿ ಮರಿ ಬಿಟ್ಟುಬಿಡುತ್ತೆ,” ಎಂದು ನಾನು ಸ್ಟೂಲು ಹತ್ತಿ, ಎರಡೂ ಕೈ ಚಾಚಿ ಅಡ್ಡ ನಿಂತೆ.

ಅಷ್ಟರಲ್ಲಿ ತಾಯಿ ಬಾಯಲ್ಲಿ ಒಂದು ಮರಿ ಕಚ್ಚಿಕೊಂಡು ಹೊರಬಂತು. ಕೆಳಗೆ ನೋಡಿತು, ಅಲ್ಲಿ ಇಕ್ಕಳ. ಎದುರಿಗೆ ನೋಡಿತು, ಅಲ್ಲಿ ನಾನು.

“ಅಪ್ಪಾ, ಹಿಲ್‌ನಾ ಮತ್, ಅಲ್ಲಾಡಬೇಡಿ,” ಎಂದಳು ಮಗಳು ಮೇಘಾ. “ಅದು ನಿಮ್ಮ ಮೇಲೇ ಬರ್ತಿದೆ.”

“ಸಾವಧಾನ್,” ಎಂದರು ಸುಬೇದಾರರು, ಕವಾಯತಿನ ದನಿಯಲ್ಲಿ.

ನನ್ನ ಬಲಗೈ ಹತ್ತಿ, ಹೆಗಲೇರಿ, ಬೋಳುತಲೆ ದಾಟಿ, ಎಡಗೈಯಿಂದ ಅದು ಹಾರಿದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ಸ್ಕೂಟರಿನ ಹೆಲ್ಮೆಟ್ಟಿನೊಳಕ್ಕೆ. ಮರಿ ಹೊತ್ತು ಹೋಗುವಾಗ ಮೂರು ಸಲ, ಬರಿಬಾಯಲ್ಲಿ ಬರುವಾಗ ಎರಡು ಸಲ. ನಾನು ಉಸಿರಾಡಿದ್ದು ನೆನಪಿಲ್ಲ. ಎಣಿಸಿದ್ದು ನೆನಪಿದೆ.

ಕೂಲರ್ ಖಾಲಿಯಾಯಿತು. ಗೆದ್ದ ಖುಷಿಯಲ್ಲಿ ಹೆಲ್ಮೆಟ್ಟಿನೊಳಗೆ ಇಣುಕಲು ಹೋದೆ. ಶಾರದೆ ತನ್ನ ಹಳೆಯ ಹತ್ತಿ ಸೀರೆಯನ್ನು ಅದಕ್ಕೆ ಪರದೆಯಾಗಿ ಕಟ್ಟುತ್ತಿದ್ದಳು. “ಬಾಣಂತಿ ಕೋಣೆ ಇದು. ಗಂಡಸರು ಆಚೆ. ಸ್ಕೂಟರ್ ಈ ತಿಂಗಳು ಬೇಡ, ಬಸ್ಸಿದೆಯಲ್ಲ.”

ಮರಿಗಳು ಕಣ್ಣು ಬಿಟ್ಟು, ಬೇವಿನ ಮರ ಸೇರುವವರೆಗೆ ಶಾರದೆ ಕೂಲರಿನ ಮುಂದೆ ಕುಳಿತಳು, ನಾನು ಬಸ್ಸಿನಲ್ಲಿ ನಿಂತೆ. ಆ ಭಾನುವಾರ ಸಂಜೆ ಉಗುರು ಗೀರಿದ ಕಡೆ ಡೆಟ್ಟಾಲ್ ಹಚ್ಚಿಕೊಳ್ಳಲು ಕನ್ನಡಿ ಹಿಡಿದರೆ, ಬೋಳುತಲೆಯ ಮೇಲೆ ಅಚ್ಚುಕಟ್ಟಾಗಿ ಐದು ಗೆರೆ.

ಇದನ್ನು ಕಂಡವರು ಶಾರದೆ, ಮೇಘಾ, ಸುಬೇದಾರ್ ಬೆಳ್ಳಿಯಪ್ಪ. ಮೂವರೂ ಈಗಲೂ ಕ್ಷೇಮವಾಗಿದ್ದಾರೆ. ಎದುರಾದರೆ ನನ್ನ ಮುಖಕ್ಕಿಂತ ಮೊದಲು ತಲೆಯನ್ನೇ ನೋಡುತ್ತಾರೆ.