ಧನರಾಜ ನಡೆದು ಹೋದ ದಿನ

ಆ ಬೆಳಿಗ್ಗೆ ಸ್ಕೂಟರನ್ನು ಅಂಗಳದಲ್ಲೇ ಬಿಟ್ಟು ಧನರಾಜ ಡಾಕ್ಟರಲ್ಲಿಗೆ ನಡೆದು ಹೊರಟದ್ದೇ ತಪ್ಪಾಯಿತು.

ನಿಜ ಹೇಳಬೇಕೆಂದರೆ ತಪ್ಪು ಹೆಂಡತಿ ನಮಿತಾಳದ್ದು. ತೂಕ ಇಳಿಯದಿದ್ದರೆ ರಾತ್ರಿಯ ಕುಚ್ಚಲಕ್ಕಿ ಅನ್ನ, ಮೀನು ಸಾರು ಜೀವಮಾನಕ್ಕೇ ಬಂದ್, ಒಣ ಚಪಾತಿಯೇ ಗತಿ ಎಂದು ಡಾಕ್ಟರ್ ಈಶ್ವರಪ್ರಸಾದ ಹೆದರಿಸಿದ್ದರು. ಅನ್ನವಿಲ್ಲದ ರಾತ್ರಿಯನ್ನು ನೆನೆದರೇ ಧನರಾಜನಿಗೆ ಅಳು ಬರುತ್ತಿತ್ತು. ಹಾಗಾಗಿ ತಿಂಗಳಿಡೀ ಅಂಗಳದಲ್ಲೇ ಸುತ್ತು ಹಾಕಿ ಅಂತೂ ಇಂತೂ ಒಂದು ಕಿಲೋ ಇಳಿಸಿದ್ದ. ಇವತ್ತು ನಡೆದೇ ಹೋಗಿ, ಡಾಕ್ಟರಿಗೂ ಖುಷಿಯಾಗುತ್ತದೆ ಎಂದಳು ನಮಿತಾ.

ಸ್ಕೂಟರ್ ಇದ್ದವನು ನಡೆದರೆ ಅವನ ಊರು ನಾಯ್ಮಾರ್ಮೂಲೆಯಲ್ಲಿ ಅದಕ್ಕೆ ಒಂದೇ ಅರ್ಥ: ಪಾಪ, ಏನೋ ಕಷ್ಟ ಬಂದಿದೆ. ಗೇಟಿನಲ್ಲಿ ನಿಂತಿದ್ದ ನೆರೆಮನೆಯ ಮರಿಯುಮ್ಮ ಸ್ಕೂಟರ್ ಮಾರಿದೆಯಾ, ಹೆಂಡತಿ ಹತ್ತಿರ ಜಗಳವಾ ಎಂದು ಕೇಳುತ್ತಲೇ ಅವನನ್ನು ಒಳಗೆ ಕೂರಿಸಿ ಪತ್ತಿರಿ ಎಂಬ ಅಕ್ಕಿ ರೊಟ್ಟಿ, ಕೋಳಿ ಸಾರು ಬಡಿಸಿದಳು. ತೂಕ ಇಳಿಸಲು ನಡೆಯುತ್ತಿದ್ದೇನೆ ಎಂದರೆ ನಂಬಲಿಲ್ಲ.

"ಕಷ್ಟದಲ್ಲಿ ಇರುವವರು ಹೀಗೇ ಎಂತಾದ್ರೂ ಹೇಳುದು. ತಿನ್ನು ಮಗಾ."

ಅಲ್ಲಿಂದ ಹೊರಟರೆ ಮಮ್ಮಾಲಿಯ ಆಟೋ. ಬೇಡವೆಂದರೂ ಬಿಡದೆ ಮದುವೆ ದಿಬ್ಬಣದ ಹಾಗೆ ಪಕ್ಕದಲ್ಲೇ ನಿಧಾನವಾಗಿ ಬಂತು. ದಾರಿಯವರೆಲ್ಲ ನೋಡತೊಡಗಿದಾಗ ಧನರಾಜ ನಾಚಿ ಹತ್ತಿದ. ಮಮ್ಮಾಲಿ ಸಮಾಧಾನ ಹೇಳಲು ಹೋಟೆಲಿಗೆ ಕರೆದೊಯ್ದು ಬನ್ಸ್, ಸಿಹಿ ಚಾ ಕೊಡಿಸಿಯೇ ಕ್ಲಿನಿಕ್ಕಿಗೆ ಬಿಟ್ಟ.

ತೂಕದ ಯಂತ್ರಕ್ಕೆ ಕರುಣೆ ಇರಲಿಲ್ಲ. ಇಳಿದ ಕಿಲೋ ಪೂರ್ತಿ ವಾಪಸ್ ಬಂದಿತ್ತು.

"ಇದು ವಂಶದ್ದು ಡಾಕ್ಟ್ರೇ. ನನ್ನ ಅಪ್ಪನೂ ಹೀಗೇ ಇದ್ರು."

"ವಂಶದ್ದು ಸ್ವಲ್ಪ ಉಂಟು, ನಾಲಗೆಯದ್ದು ಸ್ವಲ್ಪ ಉಂಟು. ಉಳಿದದ್ದು ನಿಮ್ಮ ನೆರೆಕರೆಯವರದ್ದು" ಎಂದರು ದಾರಿಯ ಕಥೆಯನ್ನೆಲ್ಲ ಕೇಳಿದ ಡಾಕ್ಟರ್. "ಒಂದು ವಾರ ಕೊಡ್ತೇನೆ. ಈಗ ನಡ್ಕೊಂಡೇ ಮನೆಗೆ ಹೋಗಿ. ಯಾರು ಕರೆದ್ರೂ ಬೇಡ ಹೇಳ್ಬೇಕು."

ಅನ್ನ ಒಂದು ವಾರಕ್ಕೆ ಉಳಿಯಿತಲ್ಲ ಎಂದು ಧನರಾಜ ಹುರುಪಿನಿಂದ ಹೊರಟ. ಮಮ್ಮಾಲಿಯ ಆಟೋಗೆ ಬೇಡ ಎಂದ. ಅಂಗಡಿಯವರು ನೀಡಿದ ಸೋಡಾ ಶರಬತ್ತಿಗೂ ಬೇಡ ಎಂದ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೆವರು ಸುರಿಸಿಕೊಂಡು ಅರ್ಧ ದಾರಿ ಬಂದಾಗ ಹಿಂದಿನಿಂದ ಒಂದು ಕಾರು ಬಂದು ನಿಂತಿತು. ಅತ್ತ ನೋಡದೆಯೇ ಬೇಡ ಎಂದು ಕೈಯಾಡಿಸಿದ. ಗಾಜು ಇಳಿಯಿತು. ಒಳಗೆ ಊಟಕ್ಕೆ ಮನೆಗೆ ಹೊರಟಿದ್ದ ಡಾಕ್ಟರ್.

"ಈ ಬಿಸಿಲಿಗೆ ನಡೆಯುದಾ ಮಾರಾಯ್ರೆ? ಹತ್ತಿ. ಮಗಳ ಹುಟ್ಟುಹಬ್ಬ, ಸ್ವಲ್ಪ ಪಾಯಸ ಕುಡಿದು ಹೋಗುವ."

ಡಾಕ್ಟರಿಗೇ ಬೇಡ ಎನ್ನುವುದು ಹೇಗೆ? ಧನರಾಜ ಹತ್ತಿದ, ಹೋದ, ಕುಡಿದ. ಎರಡನೇ ಲೋಟವನ್ನೂ ಮುಗಿಸಿ ಬಾಯಿ ಒರೆಸಿಕೊಳ್ಳುವಾಗ ಡಾಕ್ಟರ್ ಬೇಸರದಿಂದ ತಲೆಯಾಡಿಸಿದರು.

"ನೋಡಿ, ಬೇಡ ಹೇಳ್ಲಿಕ್ಕೆ ನಿಮಗೆ ಆಗುದೇ ಇಲ್ಲ. ಇವತ್ತು ರಾತ್ರಿಯಿಂದಲೇ ಚಪಾತಿ."