ಕ್ವಾರಿ ಕೆರೆಯಲ್ಲಿ ಗೌರಿ ಮುಖ

ಯಾರು ಏನು ಉಪಕಾರ ಮಾಡಿದರೂ ಅಂದಾನಿಯ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಬಸ್ಸಿನಲ್ಲಿ ಒಬ್ಬರು ಚೂರು ಸರಿದು ಜಾಗ ಕೊಟ್ಟರೆ ಸಾಕು, ಹಿಡಿದ ಕಂಬಿ ಬಿಟ್ಟು ನಮಸ್ಕಾರ ಮಾಡಿ ಅವರ ತೊಡೆಯ ಮೇಲೇ ಬೀಳುವ ಆಸಾಮಿ. ತಮಿಳು ಸೀಮೆಯ ಕ್ರೋಂಪೇಟೆಯಲ್ಲಿದ್ದ ಅವನ ಇನ್ಶೂರೆನ್ಸ್ ಆಫೀಸಿನಲ್ಲಿ ಇದರಿಂದ ಒಳ್ಳೆಯ ಹೆಸರೇ ಬಂದಿತ್ತು. ಎಡವಟ್ಟಾದದ್ದು ಗೌರಿ ಬಿಡುವ ದಿನ.

ಮಣ್ಣಿನ ಗೌರಿಯನ್ನು ತಟ್ಟೆಯಲ್ಲಿ ಹಿಡಿದು ಹಳೇ ಕಲ್ಲುಕ್ವಾರಿಯ ಕೆರೆಗೆ ಇಳಿದಿದ್ದ. ಗೌರಿಗೆ ಕಟ್ಟಿದ್ದ ಬೆಳ್ಳಿಯ ಮುಖವನ್ನು ಮೊದಲು ಬಿಚ್ಚಿಕೊಳ್ಳಬೇಕು. ಹೆಂಡತಿ ಜಲಜಾ "ಇರ್ರೀ, ಬಿಚ್ಕೋತೀನಿ" ಎಂದು ಕೈ ಚಾಚುವಷ್ಟರಲ್ಲಿ ಯಾರೋ ಪುಣ್ಯಾತ್ಮ ಸರಿದು ದಾರಿ ಬಿಟ್ಟ. ಅಂದಾನಿ ಅವನಿಗೆ ಕೈ ಮುಗಿದ. ತಟ್ಟೆ, ಗೌರಿ, ಬೆಳ್ಳಿ ಮುಖ ಎಲ್ಲವೂ ಬುಳಕ್ಕೆಂದು ಮುಳುಗಿದವು.

ಆ ಮುಖ ಅತ್ತೆ ನಾಗರತ್ನಮ್ಮನದು. ಅವರಿಗೆ ಅವರ ಅತ್ತೆ ಕೊಟ್ಟದ್ದು. "ಜೋಪಾನ" ಎಂದು ನೂರು ಸಲ ಹೇಳಿ ಮೈಸೂರಿನಿಂದ ಕಳಿಸಿದ್ದರು. ಈಗ ಫೋನು ಬಂದಿತ್ತು: ನವರಾತ್ರಿಗೆ ಬೇಕು, ಭಾನುವಾರ ಸಂಜೆ ಬಂದು ತಗೊಂಡು ಹೋಗ್ತೀನಿ. ಅಂದಾನಿಗೆ ಅನ್ನ ಸೇರದಾಯಿತು.

ದಾರಿ ತೋರಿಸಿದವರು ಎದುರುಮನೆಯ ಶಾರದಮ್ಮ. "ಅದೇ ಕೆರೇಲಿ ನಮ್ ಕನ್ನಡದ ಹುಡುಗ ಸಾಯಿ ಭಾನುವಾರ ಭಾನುವಾರ ಸ್ಕೂಬಾ ಡೈವಿಂಗ್ ಮಾಡಿಸ್ತಾನೆ. ಸುಮ್ನೆ ಜಾಲಿಗೆ ಇಳೀತಾರೆ ಜನ. ನೀವೂ ಇಳೀರಿ."

ಅವರ ಗಂಡ, ರೈಲ್ವೆಯಿಂದ ರಿಟೈರಾದ ಸದಾನಂದರಿಗೆ ಇದು ಹಿಡಿಸಲಿಲ್ಲ. "ಬೆಳ್ಳಿ ಮುಖ ಸಮೇತ ಗೌರಿ ಬಿಡೋ ಗಂಡಸ್ರೂ ಇದಾರೇನ್ರೀ? ನಮ್ಮದು ನೋಡಿ, ಭದ್ರವಾಗಿ ಲಾಕರ್‌ನಲ್ಲಿದೆ! ಹೋದದ್ದು ಹೋಯ್ತು, ಕೆರೆ ಕೆದಕಬೇಡಿ." ಆದರೂ ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ದಡದಲ್ಲಿ ನಿಂತಿದ್ದರು.

ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಕಾಲಿಗೆ ಬಾತುಕೋಳಿಯದಂಥ ರಬ್ಬರ್ ಪಾದ. ಅಂದಾನಿ ಒಂದು ಹೆಜ್ಜೆ ಇಟ್ಟು ಬಿದ್ದ, ಎತ್ತಿದವರಿಗೆ ಕೈ ಮುಗಿದು ಮತ್ತೆ ಬಿದ್ದ.

"ಕವಲೆ ಪಡಬೇಡಿ ಸಾರ್, ಚಿಂತೆ ಬೇಡ," ಎಂದ ಸಾಯಿ ತನ್ನ ತಮಿಳು ಬೆರೆತ ಕನ್ನಡದಲ್ಲಿ. "ಎಲ್ಲಿ ಬಿಟ್ರಿ ಅಂತ ನಿಮಗೊಬ್ರಿಗೇ ತೆರಿಯುತ್ತೆ, ಅದಕ್ಕೇ ನೀವೇ ಇಳೀಬೇಕು. ಒಳಗೆ ಏನೂ ಕಾಣಲ್ಲ. ನನ್ನ ಕೈ ಹಿಡ್ಕೊಂಡು ತಡವಿ, ಅಷ್ಟೇ."

"ನಮ್ಮ ಗೌರಿಗೆ ಮೂಗುಬೊಟ್ಟಿದೆ, ಕಲ್ಲು ಚುಚ್ಚುತ್ತೆ, ನೆನಪಿಟ್ಕೊಳ್ಳಿ!" ಎಂದು ಜಲಜಾ ಕೂಗಿದಳು.

ನೀರು ಹಳಸಿದ ಸಾರಿನ ಹಾಗಿತ್ತು. ಅಂದಾನಿಗೆ ತನ್ನ ಕೈಯೇ ಕಾಣಲಿಲ್ಲ. ಕೆಸರು ತಡವಿದ. ಒಡೆದ ಮಡಕೆ, ಒಂದು ಚಪ್ಪಲಿ, ಜಾರಿಕೊಂಡ ಯಾವುದೋ ಮೀನು. ಕೊನೆಗೆ ತಣ್ಣನೆಯ ಕೆನ್ನೆ, ಹುಬ್ಬು, ಮೂಗು! ಹೆಬ್ಬೆರಳಿಗೆ ಕಲ್ಲು ಚುಚ್ಚಿತು. ತಾಯಿ ಸಿಕ್ಕಳು! ಅಂದಾನಿಯ ಎದೆ ತುಂಬಿ ಬಂತು. ಸಾಯಿಯ ಕಡೆ ತಿರುಗಿ, ಹಿಡಿದದ್ದನ್ನೆಲ್ಲ ಬಿಟ್ಟು, ಭಕ್ತಿಯಿಂದ ಎರಡೂ ಕೈ ಮುಗಿದ.

ಆಮೇಲೆ ಹುಚ್ಚು ಹಿಡಿದವನಂತೆ ಕೆಸರು ಬಗೆದ. ದೇವರ ದಯೆ, ಬೆಳ್ಳಿ ಮತ್ತೆ ಬೆರಳಿಗೆ ತಾಗಿತು. ಈ ಸಲ ಮೂಗು ಮುಟ್ಟಿ ನೋಡುವ ತಾಳ್ಮೆ ಯಾರಿಗಿತ್ತು? ಎದೆಗವಚಿಕೊಂಡು ಮೇಲೆದ್ದ. ದಡದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸದಾನಂದರ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು.

ತೊಳೆದಿಡೋಣವೆಂದು ಮನೆಗೆ ಬಂದರೆ ನಾಗರತ್ನಮ್ಮ ಆಗಲೇ ಬಂದು ಕೂತಿದ್ದರು. ಅಂದಾನಿ ಕಾಲಿಗೆ ಬಿದ್ದು, ಕೈ ಮುಗಿದದ್ದರಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಹುಣಸೆಹಣ್ಣು ತರಿಸಿ ಕೆಸರು ಹಿಡಿದ ಮುಖವನ್ನು ಉಜ್ಜಿ ಉಜ್ಜಿ ತೊಳೆದು ಬೆಳಕಿಗೆ ಹಿಡಿದರು.

"ಇದು ನಮ್ ಗೌರಿ ಅಲ್ಲ. ಮೂಗುಬೊಟ್ಟೇ ಇಲ್ವಲ್ಲ!"

ಸುದ್ದಿ ಕೇಳಿ ಗಂಡನೊಡನೆ ಬಂದಿದ್ದ ಶಾರದಮ್ಮ ಚೀರಿದರು. "ಅಯ್ಯೋ, ಇದು ನಮ್ದು! ಗಲ್ಲದ ಮೇಲೆ ನಗ್ಗಿದೆ ನೋಡಿ, ನಾನೇ ಬೀಳಿಸಿದ್ದು! ರೀ, ಲಾಕರ್‌ನಲ್ಲಿದೆ ಅಂದಿದ್ರಲ್ಲ?"

ಸದಾನಂದರು ಫ್ಯಾನು ನೋಡುತ್ತ ನಿಂತರು. "ಎರಡು ವರ್ಷದ ಹಿಂದೆ... ಕೈಜಾರಿ..."

"ನಿಮ್ಮನ್ನ ಮನೇಲಿ ವಿಚಾರಿಸ್ಕೋತೀನಿ," ಎಂದು ಶಾರದಮ್ಮ ಅಂದಾನಿಯ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು. "ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲಪ್ಪ. ಹೋದ ತಾಯೀನ ಮನೆಗೆ ಕರ್ಕೊಂಡು ಬಂದ್ರಿ."

ಅಂದಾನಿಗೆ ಹೆಬ್ಬೆರಳು ಇನ್ನೂ ಚುರುಗುಟ್ಟುತ್ತಿತ್ತು. ಕೈಗೆ ಸಿಕ್ಕ ತಾಯಿಯನ್ನು ತಾನೇ ಕೈ ಮುಗಿದು ಕಳಿಸಿಕೊಟ್ಟಿದ್ದ! ಹೆದರುತ್ತ ಅತ್ತೆಯ ಮುಖ ನೋಡಿದ.

"ಹೋಗ್ಲಿ ಬಿಡಿ," ಎಂದರು ನಾಗರತ್ನಮ್ಮ. "ನನ್ನ ಅಳಿಯ ಜೀವಂತ ಎದ್ದು ಬಂದ್ರಲ್ಲ, ಅದೇ ದೊಡ್ಡದು. ಮುಂದಿನ ಭಾನುವಾರ ಮತ್ತೆ ಇಳೀರಿ, ನಾನೂ ಬರ್ತೀನಿ."

ಬೈಯಲಿಲ್ಲವಲ್ಲ! ಅಂದಾನಿಯ ಎರಡೂ ಕೈ ಮೆಲ್ಲಗೆ ಮೇಲೇರಿದವು. ಅವು ಸೇರುವ ಮುಂಚೆಯೇ ನಾಗರತ್ನಮ್ಮ ಒಂದನ್ನು ಗಪ್ಪನೆ ಹಿಡಿದುಕೊಂಡರು.

"ಜಲಜಾ, ಅವತ್ತು ಕೆರೆಗೆ ಇಳಿಸೋ ಮುಂಚೆ ಇದೊಂದು ಕೈನ ಬೆನ್ನಿಗೆ ಕಟ್ಟಿಬಿಡು."